ಸುಳಿ, ಮುಡಿ, ರೋಮಕೂಪ: ತಲಕಾಡು ಸೀಮೆಯ ಕೇಶಸಂಬಂಧಿ ತಿಳಿವಳಿಕೆಯ ಚಾರಿತ್ರಿಕ ಅವಲೋಕನ

ತಿರುಮಕೂಡಲಿನಲ್ಲಿ ಕಪಿಲೆಯನ್ನು ಕೂಡಿಕೊಂಡ ಕಾವೇರಿಯು ಮುಂದೆ ಹರಿದು ತಲಕಾಡಿನ ಸಮೀಪ ದಿಕ್ಕು ಬದಲಿಸುವ ಎಡೆಯಲ್ಲಿ ಮುಡುಕುತೊರೆಯ ಬೆಟ್ಟವಿದೆ. ಮುಡುಕು ಎಂದರೆ ತಿರುವು, ತೊರೆ ಎಂದರೆ ಹೊಳೆ. ಊರಿನ ಹೆಸರೇ ನದಿಯ ನಡೆಯನ್ನು ಹೇಳುತ್ತದೆ. ತಲಕಾಡಿನ ಪಂಚಲಿಂಗಗಳಲ್ಲಿ ಒಂದೆನಿಸಿದ ಮಲ್ಲಿಕಾರ್ಜುನನ ನೆಲೆಯಾದ ಈ ಬೆಟ್ಟದ ತಪ್ಪಲಿನ ದನಗಳ ಜಾತ್ರೆ ಹಳೆಯ ಮೈಸೂರು ಸೀಮೆಯಲ್ಲಿ ಹೆಸರಾದದ್ದು. ಹಳ್ಳಿಕಾರ್ ತಳಿಯ ಎತ್ತನ್ನು ಕೊಳ್ಳಬಂದ ಒಕ್ಕಲಮಗ ಹಲ್ಲು ಎಣಿಸುತ್ತಾನೆ, ಕೊಂಬು ಗೊರಸು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವುದಕ್ಕೆ ಮುನ್ನ ಅವನು ತಪ್ಪದೆ ಮಾಡುವ ಇನ್ನೊಂದು ಕೆಲಸವುಂಟು. ಹಣೆ, ಬೆನ್ನು, ಪಕ್ಕೆಗಳ ಮೇಲೆ ಕೈಯಾಡಿಸಿ ಸುಳಿ ನೋಡುತ್ತಾನೆ. ಸುಳಿ ಒಳ್ಳೆಯದಾದರೆ ಮನೆ ಏಳಿಗೆಯಾಗುತ್ತದೆ, ಕೆಟ್ಟದಾದರೆ ಯಜಮಾನನಿಗೆ ಕೇಡು ಎಂಬ ನಂಬಿಕೆ ಎತ್ತಿನ ಬೆಲೆಯನ್ನು ಏರಿಸಬಲ್ಲುದು, ಇಳಿಸಬಲ್ಲುದು. ದುಡಿಮೆಯಲ್ಲಿ ಏನೂ ಕೊರತೆಯಿಲ್ಲದ ಎತ್ತೊಂದು ಕೂದಲಿನ ಒಂದು ಸುತ್ತಿನ ಕಾರಣದಿಂದ ಅರೆಬೆಲೆಗೆ ಇಳಿಯುವುದು ಜಾತ್ರೆಗಳಲ್ಲಿ ಅಪರೂಪದ ಸಂಗತಿಯಲ್ಲ.

ಸುಳಿ ಎಂಬ ಶಬ್ದದ ಅರ್ಥವ್ಯಾಪ್ತಿಯನ್ನು ಇಲ್ಲಿ ಗಮನಿಸಬೇಕು. ಹೊಳೆಯ ಮಡುವಿನಲ್ಲಿ ನೀರು ತಿರುಗುವುದು ಸುಳಿ. ಬಾಳೆ ತೆಂಗುಗಳ ನಡುವಿನಿಂದ ಮೂಡುವ ಎಳೆಯ ಚಿಗುರು ಸುಳಿ. ಮನುಷ್ಯನ ನೆತ್ತಿಯಲ್ಲಿಯೂ ದನ ಕುದುರೆಗಳ ಮೈಮೇಲೆಯೂ ಕೂದಲು ಸುತ್ತಿ ನಿಲ್ಲುವ ಬಿಂದು ಸುಳಿ. ಚಲನೆ, ಮೊಳಕೆ, ಗುರುತು ಈ ಮೂರನ್ನೂ ಒಂದೇ ಮಾತಿನಲ್ಲಿ ಹಿಡಿದಿರುವುದು ಕನ್ನಡದ ಜಾಣ್ಮೆ. ಸಂಸ್ಕೃತದ ಅಶ್ವಶಾಸ್ತ್ರಗಳಲ್ಲಿ ಇದೇ ಗುರುತಿಗೆ ಆವರ್ತ ಎಂಬ ಹೆಸರಿದ್ದು, ಕುದುರೆಯ ಶುಭಾಶುಭವನ್ನು ಆವರ್ತಗಳಿಂದ ಎಣಿಸುವ ಪದ್ಧತಿಯು ಕನ್ನಡದ ಅಶ್ವಶಾಸ್ತ್ರ ಗ್ರಂಥಗಳಿಗೂ ಇಳಿದುಬಂದಿದೆ. ಅರಮನೆಯ ಲಾಯದಲ್ಲಿ ಶಾಸ್ತ್ರವಾಗಿದ್ದುದು ಜಾತ್ರೆಯ ಬಯಲಿನಲ್ಲಿ ನಂಬಿಕೆಯಾಗಿರಬಹುದು. ಬಯಲಿನ ನಂಬಿಕೆಯೇ ಶಾಸ್ತ್ರವಾಗಿ ಮೇಲೇರಿದ್ದೂ ಇರಬಹುದು. ಎರಡನ್ನೂ ಬೆಸೆದಿರುವುದು ಒಂದೇ ತಿಳಿವಳಿಕೆ: ಸುಳಿಯು ಹುಟ್ಟಿನೊಂದಿಗೆ ಬಂದದ್ದು, ಬಾಳಿನುದ್ದಕ್ಕೂ ಸ್ಥಳ ಬದಲಿಸದಂಥದ್ದು. ಈ ತಿಳಿವಳಿಕೆಯ ಯಾವ ಭಾಗ ನಿಜ, ಯಾವ ಭಾಗ ಅದರ ಮೇಲೆ ಕಟ್ಟಿದ ಕಥೆ ಎಂಬುದನ್ನು ಬಿಡಿಸಿ ನೋಡುವ ಪ್ರಯತ್ನ ಕನ್ನಡ ಜಾನಪದ ಅಧ್ಯಯನದಲ್ಲಿ ಸಾಕಷ್ಟು ನಡೆದಿಲ್ಲ.

ಸುಳಿಯ ಜೊತೆಗೆ ಇಡಬೇಕಾದ ಇನ್ನೊಂದು ಸಂಗತಿ ಮುಡಿ. ನಂಜನಗೂಡಿನ ಶ್ರೀಕಂಠೇಶ್ವರನಿಗೆ, ಮಲೆಯ ಮಹದೇಶ್ವರನಿಗೆ ಮುಡಿ ಒಪ್ಪಿಸುವ ಹರಕೆ ಈ ಸೀಮೆಯ ಎಲ್ಲ ಜಾತಿಗಳಲ್ಲಿಯೂ ಬಳಕೆಯಲ್ಲಿದೆ. ಕಪಿಲೆಯ ದಡದಲ್ಲಿ ಮುಡಿ ತೆಗೆಸಿ, ಹೊಳೆಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲಿ ಉರುಳುಸೇವೆ ಮಾಡುವವರನ್ನು ನಂಜನಗೂಡಿನಲ್ಲಿ ಕಾಣಬಹುದು. ಇವುಗಳಲ್ಲಿ ಮಗುವಿನ ಹುಟ್ಟುಮುಡಿಗೆ ವಿಶೇಷ ಸ್ಥಾನವಿದೆ. ಉತ್ತರ ಕರ್ನಾಟಕದಲ್ಲಿ ಜಾವಳವೆಂದೂ ವೈದಿಕ ಪರಿಭಾಷೆಯಲ್ಲಿ ಚೌಲವೆಂದೂ ಕರೆಯುವ ಈ ಕ್ರಿಯೆಯಲ್ಲಿ ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸುವುದು ರೂಢಿ. ತಾಯಿಯ ಹೊಟ್ಟೆಯಿಂದ ಬಂದ ಕೂದಲು ತಾಯಿಯ ತವರಿನವನ ಮಡಿಲಿನಲ್ಲಿ ಕಳಚಿಕೊಳ್ಳುತ್ತದೆ. ಕ್ಷೌರಿಕನಿಗೆ ಅಕ್ಕಿ, ತೆಂಗಿನಕಾಯಿ, ಕಾಣಿಕೆ ಸಲ್ಲುತ್ತದೆ. ಗರ್ಭದ ಋಣ ಹರಿದು ಮಗು ಕುಲಕ್ಕೆ ಸೇರಿತೆಂಬ ಭಾವನೆ ಇದರ ಹಿಂದಿದೆ.

ನಂಜನಗೂಡು ಮತ್ತು ತಲಕಾಡು ಎರಡರ ಸ್ಥಳಕಥೆಗಳೂ ಗಾಯದ ಸುತ್ತ ಹೆಣೆದುಕೊಂಡಿರುವುದನ್ನೂ ಇಲ್ಲಿಯೇ ಹೇಳಬೇಕು. ತಾಯಿಯನ್ನು ಕೊಂದ ಪಾಪ ಕಳೆಯಬಂದ ಪರಶುರಾಮನು ಕಪಿಲೆಯ ದಡದ ಪೊದೆಗಳನ್ನು ಸವರುವಾಗ ಅವನ ಕೊಡಲಿಯು ಮಣ್ಣಿನಲ್ಲಿ ಹುದುಗಿದ್ದ ಲಿಂಗಕ್ಕೆ ತಗುಲಿ ನೆತ್ತರು ಹರಿಯುತ್ತದೆ. ಒದ್ದೆ ಮಣ್ಣನ್ನು ಮೆತ್ತಿದಾಗ ಗಾಯ ಮಾಯುತ್ತದೆ. ತಲಕಾಡಿನಲ್ಲಿ ತಲ, ಕಾಡ ಎಂಬ ಬೇಡರು ಆನೆಗಳು ಪೂಜಿಸುತ್ತಿದ್ದ ಮರಕ್ಕೆ ಕೊಡಲಿ ಹಾಕಿದಾಗ ಮರದಿಂದ ರಕ್ತ ಸುರಿಯುತ್ತದೆ. ಅದೇ ಮರದ ಎಲೆ, ಹಣ್ಣುಗಳಿಂದ ಗಾಯ ವಾಸಿಯಾಗುತ್ತದೆ. ತನಗೆ ತಾನೇ ಔಷಧಿ ಹೇಳಿದ ದೇವರು ವೈದ್ಯನಾಥನಾಗುತ್ತಾನೆ. ಟಿಪ್ಪುವಿನ ಆನೆಯ ಕಣ್ಣು ಗುಣಪಡಿಸಿ ಹಕೀಂ ನಂಜುಂಡನೆನಿಸಿದ ನಂಜನಗೂಡಿನ ದೈವವೂ ವೈದ್ಯನೇ. ಚರ್ಮ ಹರಿಯುವುದು, ಕೂಡುವುದು, ಅದರ ಮೇಲಿನ ಕೂದಲನ್ನು ಒಪ್ಪಿಸುವುದು: ಒಂದು ದಿನದ ನಡಿಗೆಯೊಳಗಿನ ಈ ಎರಡು ಕ್ಷೇತ್ರಗಳ ಭಕ್ತಿಯಲ್ಲಿ ಮೈಯೇ ಪಠ್ಯ.

ಶಾಸ್ತ್ರಗ್ರಂಥಗಳ ನಿಲುವು ಜನಪದರ ನಿಲುವಿನಿಂದ ಬೇರೆಯಾಗಿರುವುದು ಕುತೂಹಲಕರ. ಚರಕಸಂಹಿತೆಯ ಶಾರೀರಸ್ಥಾನವು ಮಗುವಿನ ಅಂಗಗಳನ್ನು ತಂದೆಯಿಂದ ಬಂದವು, ತಾಯಿಯಿಂದ ಬಂದವು ಎಂದು ವಿಂಗಡಿಸುತ್ತದೆ. ಅದರ ಪ್ರಕಾರ ಚರ್ಮ, ರಕ್ತ, ಮಾಂಸಗಳು ತಾಯಿಯವು. ಕೂದಲು, ಉಗುರು, ಹಲ್ಲು, ಮೂಳೆಗಳು ತಂದೆಯವು. ಕೂದಲು ತಂದೆಯದಾದರೆ ಅದನ್ನು ಸೋದರಮಾವನ ತೊಡೆಯ ಮೇಲೆ ಏಕೆ ತೆಗೆಯಬೇಕು ಎಂಬ ಪ್ರಶ್ನೆಗೆ ಆ ಗ್ರಂಥದಲ್ಲಿ ಉತ್ತರವಿಲ್ಲ. ಅದೇ ಸ್ಥಾನದಲ್ಲಿ ಕೂದಲು, ಮೀಸೆಗಡ್ಡ, ರೋಮಗಳ ಸಂಖ್ಯೆಯನ್ನು 29,956 ಎಂದು ಲೆಕ್ಕ ಕೊಟ್ಟಿದೆ. ಹರಿಕಥೆ ಪುರಾಣಗಳಲ್ಲಿ ಕೇಳಿಬರುವ ಸಂಖ್ಯೆ ಮೂರುವರೆ ಕೋಟಿ. ಇಂದಿನ ಅಂದಾಜಿನಂತೆ ಮನುಷ್ಯನ ಮೈಮೇಲೆ ಸುಮಾರು 50 ಲಕ್ಷ ರೋಮಕೂಪಗಳಿದ್ದು, ಅವುಗಳಲ್ಲಿ ತಲೆಯ ಮೇಲಿರುವವು ಸುಮಾರು ಒಂದು ಲಕ್ಷ. ಎರಡು ಪದರಗಳ ಕೂಡುಕೆಯಿಂದ ಕೂದಲು ಹುಟ್ಟುತ್ತದೆಂಬ ಆಧುನಿಕ ಅರಿವನ್ನು, ಮುಂದೆ ವಿವರಿಸಿದಂತೆ, ಚರಕನ ತಾಯಿ-ತಂದೆಯರ ವಿಂಗಡಣೆಯೊಡನೆ ಹೊಂದಿಸಿ ಹೆಮ್ಮೆಪಡುವ ಆಸೆ ಯಾರಿಗಾದರೂ ಮೂಡಬಹುದು. ಹಾಗೆ ಹೊಂದಿಸುವುದು ಚರಕನಿಗೂ ನ್ಯಾಯವಲ್ಲ, ವಿಜ್ಞಾನಕ್ಕೂ ನ್ಯಾಯವಲ್ಲ. ಅವನ ಪ್ರಶ್ನೆ ವಂಶದ್ದು. ಪದರಗಳ ಪ್ರಶ್ನೆ ರಚನೆಯದ್ದು.

ಮಾನವಶಾಸ್ತ್ರಜ್ಞರು ಕೂದಲನ್ನು ಕುರಿತು ಬರೆದದ್ದು ಕಡಿಮೆಯೇನಲ್ಲ. ಎಡ್ಮಂಡ್ ಲೀಚ್ 1958ರ ಪ್ರಸಿದ್ಧ ಪ್ರಬಂಧದಲ್ಲಿ ಕೂದಲನ್ನು ಸಾರ್ವಜನಿಕ ಸಂಕೇತವಾಗಿ ವಿಶ್ಲೇಷಿಸಿದರು. ಗಣನಾಥ ಒಬೆಯಶೇಖರ ಅವರು 1981ರ ತಮ್ಮ ಗ್ರಂಥದಲ್ಲಿ ಶ್ರೀಲಂಕೆಯ ಕತರಗಾಮದ ಜಡೆಗಟ್ಟಿದ ಸಂನ್ಯಾಸಿನಿಯರನ್ನು ಕುರಿತು ಬರೆದು, ಅದೇ ಸಂಕೇತ ವ್ಯಕ್ತಿಯ ಒಳನೋವಿನಿಂದಲೂ ಹುಟ್ಟುತ್ತದೆಂದು ತೋರಿಸಿದರು. ಕನ್ನಡದ ಜಾನಪದ ವಿದ್ವಾಂಸರೂ ಬಹುಮಟ್ಟಿಗೆ ಇದೇ ಹಾದಿ ಹಿಡಿದಿದ್ದಾರೆ. ಆದರೆ ಸಂಕೇತವಾಗುವುದಕ್ಕೆ ಮುನ್ನ ಕೂದಲು ಒಂದು ವಸ್ತು. ಅದು ಎಲ್ಲಿ, ಯಾವಾಗ, ಹೇಗೆ ಹುಟ್ಟಿತೆಂಬುದರ ಮೇಲೆಯೇ ಸುಳಿಯ ನಂಬಿಕೆಯೂ ಹುಟ್ಟುಮುಡಿಯ ಆಚರಣೆಯೂ ನಿಂತಿರುವಾಗ, ಆ ವಸ್ತುವಿನ ಚರಿತ್ರೆಯನ್ನು ಬದಿಗಿರಿಸಿ ಸಂಕೇತದ ಚರಿತ್ರೆ ಬರೆಯುವುದು ಅರೆಕೆಲಸವಾಗುತ್ತದೆ.

ಆ ಚರಿತ್ರೆ ಗರ್ಭದ ಮೂರನೆಯ ತಿಂಗಳಿನಲ್ಲಿ ಆರಂಭವಾಗುತ್ತದೆ. ಹುಬ್ಬು, ಮೇಲ್ದುಟಿ, ಗಲ್ಲಗಳ ಎಡೆಯಲ್ಲಿ ಮೊದಲ ರೋಮಕೂಪಗಳು ಮೊಳೆಯುತ್ತವೆ. ನೆತ್ತಿ, ಮೈಗಳಲ್ಲಿ ನಾಲ್ಕನೆಯ ತಿಂಗಳಿನಿಂದ ಮುಂದುವರಿಯುತ್ತವೆ. ಐದನೆಯ ತಿಂಗಳ ಹೊತ್ತಿಗೆ ಭ್ರೂಣದ ಮೈಯೆಲ್ಲ ನಯವಾದ, ಬಣ್ಣವಿಲ್ಲದ ಎಳೆರೋಮದಿಂದ ಮುಚ್ಚಿರುತ್ತದೆ. ಇದರ ಬಹುಭಾಗ ಹೆರಿಗೆಗೆ ಮುನ್ನವೇ ಉದುರಿ ಗರ್ಭಜಲಕ್ಕೆ ಸೇರುತ್ತದೆ. ಮಗು ಆ ನೀರನ್ನು ನುಂಗುವುದರಿಂದ ಹುಟ್ಟಿದ ಮೇಲೆ ಅದು ವಿಸರ್ಜಿಸುವ ಮೊದಲ ಕರಿಮಲದಲ್ಲಿ ಈ ರೋಮಗಳೂ ಇರುತ್ತವೆ. ಎಂದ ಮೇಲೆ ಸೋದರಮಾವನ ತೊಡೆಯ ಮೇಲೆ ತೆಗೆಯುವ ಕೂದಲು ಮಗುವಿನ ಮೊದಲ ಕೂದಲಲ್ಲ. ಮೊದಲನೆಯದನ್ನು ಗರ್ಭವೇ ತೆಗೆಸಿಕೊಂಡಿರುತ್ತದೆ. ಕೂದಲು ಉದುರಿದರೂ ಕೂಪ ಉಳಿಯುತ್ತದೆ. ಹುಟ್ಟಿದ ಮೇಲೆ ಮನುಷ್ಯನ ಚರ್ಮದಲ್ಲಿ ಸಹಜವಾಗಿ ಹೊಸ ರೋಮಕೂಪಗಳು ಏಳುವುದಿಲ್ಲ. ಗರ್ಭದಲ್ಲಿ ತೋಡಿದ ಬಾವಿಗಳಿಂದಲೇ ಬಾಳಿನುದ್ದಕ್ಕೂ ಸೇದಬೇಕು. ರೋಮಕೂಪವೆಂಬ ಹಳೆಯ ಹೆಸರನ್ನು ಕೊಟ್ಟವರು ಯಾರೋ, ಪದ ಮಾತ್ರ ಒಪ್ಪುವಂಥದು.

ಬೋಳಿಸಿದರೆ ಕೂದಲು ದಟ್ಟವಾಗುತ್ತದೆಂಬ ನಂಬಿಕೆ ಈ ಕಾರಣದಿಂದಲೇ ನಿಲ್ಲುವುದಿಲ್ಲ. ಕತ್ತಿ ಮುಟ್ಟುವುದು ಚರ್ಮದ ಹೊರಗಿನ ನಿರ್ಜೀವ ಎಳೆಯನ್ನು. ಬೆಳೆಯುವ ಬುಡ ಒಳಗಿದೆ. ಅಮೆರಿಕದ ಮಿಲ್ಡ್ರೆಡ್ ಟ್ರಾಟರ್ 1928ರಲ್ಲಿಯೇ ಗಡ್ಡದ ಕೂದಲನ್ನು ಅಳೆದು, ಕ್ಷೌರದಿಂದ ಬೆಳವಣಿಗೆಯ ವೇಗವಾಗಲಿ ದಪ್ಪವಾಗಲಿ ಬದಲಾಗದೆಂದು ತೋರಿಸಿದ್ದರು. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಕೈಗೆ ಒರಟಾಗಿ ತಗಲುತ್ತದೆ, ಅಷ್ಟೇ. ಹರಕೆಯ ಅರ್ಥಕ್ಕೆ ಇದರಿಂದ ಕುಂದೇನೂ ಇಲ್ಲ. ಕೊಟ್ಟದ್ದು ಮತ್ತೆ ಬರುತ್ತದೆಂದು ತಿಳಿದೇ ಕೊಡುವ ಕಾಣಿಕೆ ಅದು.

ಇನ್ನು ಕೂಪಗಳು ಮೂಡುವ ಬಗೆ. ಆರಂಭದಲ್ಲಿ ಭ್ರೂಣದ ಚರ್ಮ ಸಪಾಟಾದ ಹಾಳೆ. ಮೇಲೆ ಜೀವಕೋಶಗಳ ತೆಳುವಾದ ಹೊರಪದರ, ಕೆಳಗೆ ಸಡಿಲವಾಗಿ ಹರಡಿದ ಕೋಶಗಳ ಒಳಪದರ. ಒಂದು ಹಂತದಲ್ಲಿ ಹೊರಪದರದ ಕೆಲವು ಎಡೆಗಳಲ್ಲಿ ಕೋಶಗಳು ಒತ್ತಾಗಿ ನೆರೆದು ಸಣ್ಣ ದಿಬ್ಬಗಳಾಗುತ್ತವೆ. ಪ್ರತಿ ದಿಬ್ಬದ ಅಡಿಯಲ್ಲಿ ಒಳಪದರದ ಕೋಶಗಳೂ ಗುಂಪುಗೂಡುತ್ತವೆ. ದಿಬ್ಬದಿಂದ ದಿಬ್ಬಕ್ಕೆ ಹೆಚ್ಚುಕಡಿಮೆ ಸಮನಾದ ಅಂತರ. ಎರಡು ಪದರಗಳು ಒಂದನ್ನೊಂದು ಹೇಗೆ ಪ್ರಚೋದಿಸುತ್ತವೆಂಬುದನ್ನು 1970ರ ದಶಕದಲ್ಲಿ ಫ್ರಾನ್ಸಿನ ಗ್ರೆನೊಬಲ್ ನಗರದಲ್ಲಿ ಫಿಲಿಪ್ ಸೆಂಗೆಲ್ ಮತ್ತು ದಾನಿಯೆಲ್ ಧುವಾಯಿ ಅವರು ನಡೆಸಿದ ಪ್ರಯೋಗಗಳು ತೋರಿಸಿಕೊಟ್ಟವು. ಇಲಿಯ ಭ್ರೂಣದ ಒಳಚರ್ಮಕ್ಕೆ ಕೋಳಿಯ ಹೊರಚರ್ಮವನ್ನು ಹೊದಿಸಿದಾಗ ಅಲ್ಲಿ ಮೂಡಿದ್ದು ಗರಿಯ ಮೊಗ್ಗು. ಇಲ್ಲಿ ಏನಾದರೂ ಮೊಳೆಯಲಿ ಎಂಬ ಕರೆ ಒಳಗಿನಿಂದ ಬಂದರೂ ಮೊಳೆಯುವುದು ಗರಿಯೋ ರೋಮವೋ ಎಂಬುದು ಹೊರಚರ್ಮದ ಕುಲಕ್ಕೆ ಸೇರಿದ್ದು ಎಂಬುದು ಅದರಿಂದ ಖಚಿತವಾಯಿತು.

ಆದರೆ ಎಲ್ಲಿ ಮೊಳೆಯಬೇಕೆಂದು ಗೊತ್ತುಮಾಡುವವರು ಯಾರು? ಗದ್ದೆಯಲ್ಲಾದರೆ ಹಗ್ಗ ಹಿಡಿದು ಪೈರು ನೆಡಿಸುವ ಒಕ್ಕಲಿಗನಿದ್ದಾನೆ. ಚರ್ಮದಲ್ಲಿ ಹಗ್ಗ ಹಿಡಿದವರು ಯಾರೂ ಇಲ್ಲ. ಈ ಪ್ರಶ್ನೆಗೆ ಮೊದಲು ಗಣಿತದ ಉತ್ತರ ಕೊಟ್ಟವರು ಅಲನ್ ಟ್ಯೂರಿಂಗ್. ಗಣಕಯಂತ್ರದ ಪಿತಾಮಹರಲ್ಲಿ ಒಬ್ಬರಾದ ಇವರ ತಂದೆ ಮದ್ರಾಸ್ ಪ್ರಾಂತದಲ್ಲಿ ಐಸಿಎಸ್ ಅಧಿಕಾರಿ. ತಾಯಿಯ ತಂದೆ ಎಡ್ವರ್ಡ್ ವಾಲರ್ ಸ್ಟೋನಿ ಮದ್ರಾಸ್ ರೈಲ್ವೆಯ ಮುಖ್ಯ ಇಂಜಿನಿಯರಾಗಿದ್ದು ತುಂಗಭದ್ರೆಯ ಮೇಲಿನ ರೈಲುಸೇತುವೆಯ ನಿರ್ಮಾಣದಲ್ಲಿ ಪಾತ್ರವಹಿಸಿದವರು. 1952ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಟ್ಯೂರಿಂಗ್ ಹೇಳಿದ್ದು ಇಷ್ಟು: ಎರಡು ರಾಸಾಯನಿಕಗಳು ಒಂದರೊಡನೊಂದು ವರ್ತಿಸುತ್ತ ಬೇರೆಬೇರೆ ವೇಗದಲ್ಲಿ ಹರಡುತ್ತಿದ್ದರೆ, ಸಪಾಟಾದ ಹಾಳೆಯಲ್ಲಿಯೂ ಚುಕ್ಕೆಗಳು ಪಟ್ಟೆಗಳು ತಾವಾಗಿ ಮೂಡಬಲ್ಲವು. ಹೊರಗಿನ ನಕಾಶೆ ಬೇಡ, ಮುಂಚಿತವಾದ ಗುರುತು ಬೇಡ. ಎಲ್ಲೋ ಆಕಸ್ಮಿಕವಾಗಿ ತುಸು ಹೆಚ್ಚಾದದ್ದು ತನ್ನನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ. ಅದರಿಂದಲೇ ಹುಟ್ಟುವ ತಡೆ ದೂರಕ್ಕೆ ಹರಡಿ ನೆರೆಯವರನ್ನು ಅಡಗಿಸುತ್ತದೆ. ಆ ತಡೆ ಕ್ಷೀಣಿಸುವಷ್ಟು ದೂರದಲ್ಲಿ ಇನ್ನೊಂದು ಏಳುತ್ತದೆ.

ತಲಕಾಡಿನ ಮರಳನ್ನು ನೋಡಿದವರಿಗೆ ಇದು ಹೊಸದೆನಿಸದು. ಗಾಳಿ ಬೀಸಿದ ಮರುಗಳಿಗೆ ದಿಣ್ಣೆಯ ಮೈಮೇಲೆ ಸಮಾನ ಅಂತರದ ಅಲೆಗೆರೆಗಳು ಮೂಡಿರುತ್ತವೆ. ಗೆರೆ ಎಳೆದವರು ಯಾರೂ ಇರುವುದಿಲ್ಲ. ಮರಳಿನ ಕಣಗಳ ನೆಗೆತಕ್ಕೂ ಚರ್ಮದ ರಾಸಾಯನಿಕಗಳಿಗೂ ಕಾರಣಗಳು ಬೇರೆ. ತೋರಿಸಬೇಕಾದದ್ದು ಎಳೆಯುವವನಿಲ್ಲದ ಗೆರೆಯನ್ನು ಮಾತ್ರ. ಜನಪದ ಕಲ್ಪನೆಗೆ ಇಂಥ ಅನಾಥ ಗೆರೆ ಒಗ್ಗುವುದಿಲ್ಲ. ಗಂಗರ ರಾಜಧಾನಿಯಾಗಿ, ಚೋಳರ ವಶವಾಗಿ, 1116ರಲ್ಲಿ ಹೊಯ್ಸಳ ವಿಷ್ಣುವರ್ಧನನಿಗೆ ತಲಕಾಡುಗೊಂಡ ಎಂಬ ಬಿರುದು ತಂದ ಪಟ್ಟಣ ಮರಳಿನಲ್ಲಿ ಹೂತುಹೋದದ್ದಕ್ಕೆ ನದಿಯ ತಿರುವು, ಬಯಲಾದ ಮರಳಪಾತ್ರ, ಮುಂಗಾರಿನ ಗಾಳಿಗಳನ್ನು ಕಾರಣವಾಗಿ ಹೇಳಬಹುದು. ಜನ ಹೇಳುವುದು ಅಲಮೇಲಮ್ಮನ ಹೆಸರನ್ನು. 1610ರಲ್ಲಿ ಶ್ರೀರಂಗಪಟ್ಟಣ ರಾಜ ಒಡೆಯರ ಕೈಸೇರಿದ ಮೇಲೆ ಒಡವೆಗಳಿಗಾಗಿ ಬೆನ್ನಟ್ಟಿದಾಗ, ಆಕೆ ತಲಕಾಡನ್ನೂ ಮಾಲಂಗಿಯ ಮಡುವನ್ನೂ ಅರಸರ ಸಂತಾನವನ್ನೂ ಶಪಿಸಿ ಹೊಳೆಗೆ ಹಾರಿದಳೆಂಬುದು ಐತಿಹ್ಯ. ಮರಳಿಗೆ ಒಬ್ಬ ಕರ್ತೃ ಬೇಕಾದಂತೆಯೇ ಸುಳಿಗೂ ಬೇಕಾಯಿತು. ಆ ಕೆಲಸ ಹಣೆಬರಹ ಬರೆಯುವ ಬ್ರಹ್ಮನಿಗೆ ಬಿತ್ತು. ಅಲಮೇಲಮ್ಮನ ಕಥೆ ಅನ್ಯಾಯಕ್ಕೊಳಗಾದ ಹೆಣ್ಣಿನ ನೆನಪನ್ನು ನಾಲ್ಕು ಶತಮಾನ ಉಳಿಸಿದೆ. ಬ್ರಹ್ಮನ ಬರಹ ಉಳಿಸಿದ್ದು ಯಾರನ್ನು ಎಂಬುದು ಬೇರೆ ಪ್ರಶ್ನೆ.

ಟ್ಯೂರಿಂಗರ ಊಹೆಗೆ ಕೂದಲಿನಲ್ಲಿ ಪ್ರಯೋಗದ ಆಧಾರ ದೊರೆಯಲು ಅರ್ಧ ಶತಮಾನ ಹಿಡಿಯಿತು. ಕೋಶಗಳ ನಡುವೆ ಸಂದೇಶ ಒಯ್ಯುವ ವಿಂಟ್ ಎಂಬ ಪ್ರೋಟೀನುಗಳ ಗುಂಪು ಕೂಪದ ಆರಂಭಕ್ಕೆ ಅಗತ್ಯವೆಂಬುದು ಮೊದಲು ತಿಳಿಯಿತು. 1998ರಲ್ಲಿ ಎಲೇನ್ ಫುಕ್ಸ್ ಅವರ ಪ್ರಯೋಗಾಲಯವು ಈ ಸಂದೇಶದ ಒಳಗಿನ ಕೊಂಡಿಯೊಂದನ್ನು ಇಲಿಯ ಚರ್ಮದಲ್ಲಿ ಸದಾ ಜಾಗೃತವಾಗಿರಿಸಿದಾಗ ಹುಟ್ಟಿದ ಮೇಲೆಯೂ ಹೊಸ ಕೂಪಗಳು ಎದ್ದವು. ಇದಕ್ಕೆ ವಿರುದ್ಧವಾಗಿ ವಿಂಟನ್ನು ತಡೆಯುವ ಡಿಕೆಕೆ ಪ್ರೋಟೀನನ್ನು ಚರ್ಮದಲ್ಲಿ ಧಾರಾಳವಾಗಿ ತುಂಬಿದಾಗ ಒಂದು ಕೂಪವೂ ಏಳಲಿಲ್ಲ. 2006ರಲ್ಲಿ ಜರ್ಮನಿಯ ಫ್ರೈಬರ್ಗಿನ ಥಾಮಸ್ ಶ್ಲಾಕೆ ಮತ್ತು ಸಂಗಡಿಗರು ಡಿಕೆಕೆಯನ್ನು ಮಿತವಾಗಿ ಹೆಚ್ಚಿಸಿ, ಕೂಪಗಳ ನಡುವಿನ ಅಂತರ ಟ್ಯೂರಿಂಗ್ ಮಾದರಿಯ ಲೆಕ್ಕ ನುಡಿದಂತೆಯೇ ಬದಲಾಗುವುದನ್ನು ಪ್ರಕಟಿಸಿದರು. ವಿಂಟ್ ಪ್ರಚೋದಕ, ಡಿಕೆಕೆ ದೂರ ಹರಡುವ ತಡೆ. ಕಥೆ ಇಲ್ಲಿಗೆ ಮುಗಿಯಲಿಲ್ಲ. ಎಡಿನ್‌ಬರೊ ತಂಡವೊಂದು 2017ರಲ್ಲಿ ತೋರಿಸಿದಂತೆ, ಮೇಲಿನ ರಾಸಾಯನಿಕ ವಿನ್ಯಾಸವನ್ನು ಅಳಿಸಿದರೂ ಒಳಪದರದ ಕೋಶಗಳು ತಮ್ಮಷ್ಟಕ್ಕೆ ಗುಂಪುಗೂಡುವ ಶಕ್ತಿಯನ್ನು ಹೊಂದಿವೆ. ಸಾಮಾನ್ಯ ಸ್ಥಿತಿಯಲ್ಲಿ ಹೊರಪದರದ ವಿನ್ಯಾಸ ಅವುಗಳನ್ನು ಹಿಡಿದು ಸಾಲಿಗೆ ತರುತ್ತದೆ.

ಇಲಿಯಲ್ಲಿ ಈ ಬಿತ್ತನೆ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಹತ್ತೊಂಬತ್ತು ಇಪ್ಪತ್ತು ದಿನಗಳ ಗರ್ಭಾವಧಿಯಲ್ಲಿ 14ನೆಯ ದಿನದ ಸುಮಾರಿಗೆ ಮೊದಲ ಸಾಲು ಏಳುತ್ತದೆ. ಚರ್ಮ ಬೆಳೆದು ನಡುವೆ ತೆರಪು ಬಿದ್ದಂತೆ ಎರಡು ದಿನಗಳ ಅನಂತರ ಎರಡನೆಯ ಸಾಲು, ಮತ್ತೆರಡು ದಿನಗಳ ಅನಂತರ ಮೂರನೆಯದು. ಒಂದೊಂದು ಸಾಲಿನಿಂದ ಒಂದೊಂದು ಬಗೆಯ ರೋಮ. ದಿಬ್ಬವಾದೆಡೆ ಕೋಶಗಳು ಪರಸ್ಪರ ಹಿಡಿದ ಹಿಡಿತವನ್ನು ಸಡಿಲಿಸಿ ಕೆಳಕ್ಕೆ ಇಳಿಯತೊಡಗುತ್ತವೆ. ಈ ಸಡಿಲಿಕೆಯ ಗುಟ್ಟನ್ನು 2003ರಲ್ಲಿ ಬಿಡಿಸಿದವರಲ್ಲಿ ಮೊದಲಿಗರು ಕಾಲಿನ್ ಜಮೋರಾ. ಕೋಶಗಳನ್ನು ಬೆಸೆದಿಡುವ ಇ-ಕ್ಯಾಡ್ಹೆರಿನ್ ಎಂಬ ಅಂಟುಪ್ರೋಟೀನಿನ ಉತ್ಪತ್ತಿ ಮೊಗ್ಗಿನಲ್ಲಿ ತಗ್ಗಿದರೆ ಮಾತ್ರ ಅದು ಒಳಕ್ಕೆ ಬಾಗಬಲ್ಲುದೆಂದು ಅವರ ತಂಡ ತೋರಿಸಿತು. ಅನಂತರ ಅವರು 2009ರಲ್ಲಿ ಆರಂಭವಾದ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಚರ್ಮದ ಅಧ್ಯಯನವನ್ನು ನಡೆಸಿದರು. ಇಳಿದ ಮೊಗ್ಗು ಅಡಿಯಲ್ಲಿ ಕಾದಿದ್ದ ಒಳಪದರದ ಗುಂಪನ್ನು ಬಟ್ಟಲಿ��ಂತೆ ಸುತ್ತುವರಿಯುತ್ತದೆ. ಆ ಗುಂಪೇ ಕೂದಲಿನ ಬುಡದ ಮೊಲೆತೊಟ್ಟಿನಂಥ ಭಾಗ. ಸುತ್ತಲಿನ ಕೋಶಗಳಿಂದ ಕೂದಲಿನ ಎಳೆ, ಎಣ್ಣೆಯ ಗ್ರಂಥಿ, ಮುಂದಿನ ಬೆಳವಣಿಗೆಗಳಿಗೆ ಕಾಪಿಟ್ಟ ಮೂಲಕೋಶಗಳು ರೂಪುಗೊಳ್ಳುತ್ತವೆ. ಬಣ್ಣ ಕೊಡುವ ಕೋಶಗಳು ಈ ಎರಡೂ ಪದರಗಳವಲ್ಲ. ಬೆನ್ನುಹುರಿಯ ಬದಿಯಿಂದ ವಲಸೆ ಬಂದು ಇಲ್ಲಿ ನೆಲಸಿದವು. ಕೂಪಕ್ಕೆ ಅಂಟಿದ ಕಿರುಸ್ನಾಯು ಚಳಿಗೋ ಹೆದರಿಕೆಗೋ ಸೆಡೆತಾಗ ಕೂದಲು ನೆಟ್ಟಗಾಗುತ್ತದೆ. ಹಳಗನ್ನಡದಲ್ಲಿ ಕೂದಲಿಗೆ ನವಿರು ಎಂದು ಹೆಸರು; ನವಿರೇಳುವುದು ಎಂಬ ಮಾತಿನಲ್ಲಿ ಆ ಪದ ಇಂದಿಗೂ ಜೀವಂತವಾಗಿದೆ.

ಸುಳಿಯ ಪ್ರಶ್ನೆಗೆ ಮರಳಬೇಕು. ಕೂಪ ಎಲ್ಲಿ ಏಳಬೇಕೆಂಬುದು ಒಂದು, ಯಾವ ಕಡೆಗೆ ವಾಲಬೇಕೆಂಬುದು ಇನ್ನೊಂದು. ವಾಲುವಿಕೆಯನ್ನು ನಿರ್ಧರಿಸುವ ಜೀನುಗಳಲ್ಲಿ ಒಂದರ ಹೆಸರು ಫ್ರಿಜಲ್ಡ್, ಅಂದರೆ ಗುಂಗುರು. ಹಣ್ಣುನೊಣದ ಮೈಯ ರೋಮಗಳು ದಿಕ್ಕು ತಪ್ಪಿದ್ದನ್ನು ಕಂಡು ಇಟ್ಟ ಹೆಸರದು. ಡಿಕೆಕೆ ಎಂಬುದೂ ಜರ್ಮನ್ ಭಾಷೆಯ ದಪ್ಪತಲೆ ಎಂಬ ಪದದ ಸಂಕ್ಷೇಪ. ಪ್ರಯೋಗಾಲಯಕ್ಕೂ ತನ್ನದೇ ಆದ ಜಾನಪದವುಂಟು. 2004ರಲ್ಲಿ ಜೆರೆಮಿ ನೇಥನ್ಸ್ ಅವರ ತಂಡವು ಈ ಬಳಗದ ಆರನೆಯ ಜೀನನ್ನು ಇಲಿಗಳಲ್ಲಿ ಕೆಡಿಸಿದಾಗ ಅವುಗಳ ತಲೆಯ ಮೇಲೂ ಕಾಲುಗಳ ಮೇಲೂ ಇರಬಾರದ ಕಡೆ ಸುಳಿಗಳು ಕಾಣಿಸಿಕೊಂಡವು. ಮನುಷ್ಯನ ನೆತ್ತಿಯ ಸುಳಿಗೆ ಇನ್ನೊಂದು ಕಾರಣವನ್ನು ಡೇವಿಡ್ ಸ್ಮಿತ್ ಮತ್ತು ಗಾಂಗ್ 1974ರಲ್ಲಿ ಸೂಚಿಸಿದ್ದರು: ಕೂಪಗಳು ಇಳಿಯುವ ಕಾಲದಲ್ಲಿಯೇ ಅಡಿಯ ಮಿದುಳು ಉಬ್ಬುತ್ತ ಚರ್ಮವನ್ನು ಎಳೆಯುವುದರಿಂದ ಕೂದಲು ಆ ಎಳೆತಕ್ಕೆ ವಾಲುತ್ತದೆ. ಹಾಗಾಗಿ ಸುಳಿಯು ಹುಟ್ಟಿಗೆ ಮುನ್ನ ನಿಶ್ಚಿತವಾದದ್ದು, ಬದಲಾಗದು ಎಂಬ ಜಾತ್ರೆಯ ತಿಳಿವಳಿಕೆ ಸರಿಯಾದ ವೀಕ್ಷಣೆಯೇ. ತಪ್ಪಿರುವುದು ಮುಂದಿನ ಹೆಜ್ಜೆಯಲ್ಲಿ. ನಿಶ್ಚಿತವಾದದ್ದೆಲ್ಲ ಬರೆದದ್ದು, ಬರೆದದ್ದೆಲ್ಲ ಓದಿಗೆ ಸಿಗುವಂಥದು ಎಂದು ಭಾವಿಸಿದ್ದರಲ್ಲಿ.

ಓದುವ ಆಸೆ ವಿಜ್ಞಾನಿಗಳನ್ನೂ ಬಿಟ್ಟಿಲ್ಲವೆಂಬುದು ಸೋಜಿಗ. ಭಾರತ ಮೂಲದ ತಳಿವಿಜ್ಞಾನಿ ಅಮರ್ ಕ್ಲಾರ್ 2003ರಲ್ಲಿ ನೆತ್ತಿಯ ಸುಳಿಯ ದಿಕ್ಕಿಗೂ ಎಡಗೈ ಬಲಗೈ ಬಳಕೆಗೂ ಒಂದೇ ಜೀನು ಕಾರಣವೆಂದು ವಾದಿಸಿದರು. ಅನಂತರದ ಅಧ್ಯಯನಗಳು ಅದನ್ನು ಸಮರ್ಥಿಸಲಿಲ್ಲ. ದನಗಳ ವಿಷಯ ತುಸು ಬೇರೆ. ಟೆಂಪಲ್ ಗ್ರ್ಯಾಂಡಿನ್ ಮತ್ತು ಸಂಗಡಿಗರು 1995ರಲ್ಲಿ ಅಮೆರಿಕದ ದನಗಳನ್ನು ಪರೀಕ್ಷಿಸಿ, ಕಣ್ಣಿನ ಮಟ್ಟಕ್ಕಿಂತ ಮೇಲೆ ಹಣೆಸುಳಿಯುಳ್ಳವು ಕಟ್ಟಿಹಾಕಿದಾಗ ಹೆಚ್ಚು ಗಾಬರಿಗೊಳ್ಳುತ್ತವೆಂದು ವರದಿ ಮಾಡಿದರು. ಚರ್ಮದ ಹೊರಪದರವೂ ಮಿದುಳೂ ಭ್ರೂಣದ ಒಂದೇ ಮೂಲಪದರದಿಂದ ಬಂದವಾದ್ದರಿಂದ ಇದು ಅಸಂಭವವೇನಲ್ಲ. ಮುಡುಕುತೊರೆಯಲ್ಲಿ ಹಣೆಯ ಮೇಲೆ ಕೈಯಾಡಿಸುವ ಹಿರಿಯನ ಅನುಭವದಲ್ಲಿ ಎತ್ತಿನ ಸ್ವಭಾವದ ಬಗೆಗಿನ ಒಂದು ಕಾಳು ನಿಜವಿದ್ದೀತು. ಆದರೆ ಎತ್ತು ಹೆದರುಗುಳಿ ಎಂಬುದಕ್ಕೂ ಯಜಮಾನನ ಮನೆ ಹಾಳಾಗುತ್ತದೆ ಎಂಬುದಕ್ಕೂ ನಡುವಿನ ದೂರ ದೊಡ್ಡದು. ಎರಡು ಸುಳಿಯ ಹುಡುಗನಿಗೆ ಎರಡು ಮದುವೆ ಎಂಬ ಮಾತು ನಗೆಯಲ್ಲಿ ಮುಗಿಯುತ್ತದೆ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹಣೆಯ ಸುಳಿಯನ್ನು ಎತ್ತಿ ಆಡಿ ಸಂಬಂಧ ತಪ್ಪಿಸಿದಾಗ ಅದು ನಗೆಯಲ್ಲಿ ಮುಗಿಯುವುದಿಲ್ಲ. ಗರ್ಭದ ನಾಲ್ಕನೆಯ ತಿಂಗಳಲ್ಲಿ ಚರ್ಮ ಎಳೆದ ಬಗೆಗೆ ಇಪ್ಪತ್ತು ವರ್ಷಗಳ ಅನಂತರ ಹೆಣ್ಣು ಉತ್ತರ ಕೊಡಬೇಕಾಗುತ್ತದೆ.

ಕೂದಲನ್ನು ದೈವದ ಕರೆಯೆಂದು ಓದಿದ್ದರಿಂದ ಆದ ಹಾನಿ ಇನ್ನೂ ದೊಡ್ಡದು. ಸವದತ್ತಿ ಎಲ್ಲಮ್ಮನ ಸೀಮೆಯಲ್ಲಿ ಬಾಲಕಿಯ ತಲೆಯಲ್ಲಿ ಜಡೆ ಬಿದ್ದರೆ ಅದನ್ನು ದೇವಿಯ ಗುರುತೆಂದು ಬಗೆದು ಅವಳನ್ನು ದೇವದಾಸಿಯಾಗಿ ಬಿಡುತ್ತಿದ್ದುದುಂಟು. 1982ರ ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಅಧಿನಿಯಮ ಈ ಬಿಡುವಿಕೆಯನ್ನು ಅಪರಾಧವೆಂದು ಸಾರಿತು. ಜಡೆ ಗಂಟುಬಿದ್ದದ್ದು ಕೂದಲಿನ ಹೊರಗಿನ ಎಳೆಗಳು ಬಾಚದೆ ಹೆಣೆದುಕೊಂಡದ್ದರಿಂದ. ಕೂಪಕ್ಕೆ ಅದರ ಸುದ್ದಿಯೇ ಇಲ್ಲ.

ಕೂದಲೇ ಬಾರದ ಮಕ್ಕಳ ಸ್ಥಿತಿಯನ್ನು ಕುರಿತು ಎರಡು ಮಾತು ಅಗತ್ಯ. ಡಾರ್ವಿನ್ 1868ರಲ್ಲಿ ಪ್ರಕಟಿಸಿ ಮುಂದೆ ಪರಿಷ್ಕರಿಸಿದ, ಸಾಕುಪ್ರಾಣಿ ಮತ್ತು ಕೃಷಿಸಸ್ಯಗಳ ವೈವಿಧ್ಯವನ್ನು ಕುರಿತ ಗ್ರಂಥದಲ್ಲಿ ಸಿಂಧ್ ಪ್ರಾಂತದ ಹಿಂದೂ ಕುಟುಂಬವೊಂದರ ಉಲ್ಲೇಖವಿದೆ. ನಾಲ್ಕು ತಲೆಮಾರುಗಳಲ್ಲಿ ಹತ್ತು ಮಂದಿ ಗಂಡಸರಿಗೆ ಕೆಲವೇ ಹಲ್ಲುಗಳು, ಮೈಮೇಲೆ ಅತಿ ವಿರಳ ರೋಮ, ಬೇಸಗೆಯಲ್ಲಿ ಒಣಚರ್ಮದ ಯಾತನೆ. ಹೆಣ್ಣುಮಕ್ಕಳಿಗೆ ಯಾವ ಬಾಧೆಯೂ ಇಲ್ಲ. ತಾಯಂದಿರ ಮೂಲಕ ಹರಿದುಬರುವ ಈ ಸ್ಥಿತಿಗೆ ಕಾರಣವಾದ ಇಡಿಎ ಜೀನನ್ನು 1996ರಲ್ಲಿ ಗುರುತಿಸಲಾಯಿತು. ಮೇಲೆ ಹೇಳಿದ ದಿಬ್ಬಗಳನ್ನು ಗಟ್ಟಿಗೊಳಿಸುವ ಸಂದೇಶಗಳಲ್ಲಿ ಇದೂ ಒಂದು. ಹಲ್ಲು, ಬೆವರುಗ್ರಂಥಿ, ಕೂದಲು ಮೂರೂ ಚರ್ಮದ ಇಂಥದೇ ದಿಬ್ಬಗಳಿಂದ ಬರುವುದರಿಂದ ಒಂದೇ ಜೀನು ಕೆಟ್ಟರೆ ಮೂರೂ ಕುಂದುತ್ತವೆ. 2018ರಲ್ಲಿ ಪ್ರಕಟವಾದ ಜರ್ಮನಿಯ ಎರ್ಲಾಂಗೆನ್ ವೈದ್ಯರ ವರದಿಯಂತೆ, ಈ ಪ್ರೋಟೀನನ್ನು ಗರ್ಭಜಲಕ್ಕೇ ಚುಚ್ಚಿದಾಗ ಹುಟ್ಟಿದ ಮಕ್ಕಳು ಬೆವರಲು ಶಕ್ತರಾದರು. ಹುಟ್ಟಿದ ಮೇಲೆ ಕೊಟ್ಟಿದ್ದರೆ ಆ ಫಲವಿರುತ್ತಿರಲಿಲ್ಲ. ಬಿತ್ತನೆಯ ಹದ ಮೀರಿರುತ್ತಿತ್ತು. ಇಂಥ ಮಗುವಿನ ಹೆತ್ತವರಿಗೆ ಮುಡಿಯ ಹರಕೆ ಯಾವ ರೀತಿಯ ಸಂಕಟವಾಗಬಹುದೆಂಬುದನ್ನು ಊಹಿಸಬಹುದು. ಯಾರ ಪಾಪವೂ ಅಲ್ಲದ ಒಂದು ಅಣುವಿನ ಕೊರತೆಯನ್ನು ತಾಯಿಯ ಪಾಪವೆನ್ನುವ ನಾಲಿಗೆಗಳು ಎಲ್ಲ ಊರುಗಳಲ್ಲಿಯೂ ಇವೆ. ಕೊರತೆ ತಾಯಿಯ ಕಡೆಯಿಂದ ಹರಿಯುತ್ತದೆಂಬ ಅರೆತಿಳಿವು ಅವುಗಳಿಗೆ ಇನ್ನಷ್ಟು ಹರಿತವನ್ನೂ ಕೊಡಬಲ್ಲುದು.

ಪರಶುರಾಮನ ಕೊಡಲಿಯ ಗಾಯದ ಕಥೆಗೂ ಪ್ರಯೋಗಾಲಯದಲ್ಲಿ ದೂರದ ಒಂದು ಪ್ರತಿಧ್ವನಿಯುಂಟು. ಗಾಯದ ಕಲೆಯ ಮೇಲೆ ಕೂದಲು ಬಾರದೆಂಬುದು ಎಲ್ಲರೂ ಕಂಡ ಸಂಗತಿ. ಆದರೆ 2007ರಲ್ಲಿ ಪೆನ್ಸಿಲ್ವೇನಿಯದ ಮಯುಮಿ ಇಟೊ ಮತ್ತು ಜಾರ್ಜ್ ಕೊಟ್ಸರೆಲಿಸ್ ಅವರ ತಂಡವು ಬೆಳೆದ ಇಲಿಗಳಲ್ಲಿ ದೊಡ್ಡ ಗಾಯ ಮಾಯುವಾಗ ಅದರ ನಡುವೆ ಹೊಸ ಕೂಪಗಳು ಏಳುವುದನ್ನು ದಾಖಲಿಸಿತು. ಅಲ್ಲಿಯೂ ಕೆಲಸ ಮಾಡುವುದು ವಿಂಟ್ ಸಂದೇಶವೇ. ಚರ್ಮ ಗರ್ಭದ ಪಾಠವನ್ನು ಪೂರ್ತಿ ಮರೆತಿರುವುದಿಲ್ಲ. 2020ರಲ್ಲಿ ಕಾರ್ಲ್ ಕೋಲರ್ ಅವರ ತಂಡ ಮಾನವ ಮೂಲಕೋಶಗಳಿಂದ ತಟ್ಟೆಯಲ್ಲಿ ಬೆಳೆಸಿದ ಚರ್ಮದಲ್ಲಿ ಕೂದಲು ಮೂಡಲು ನಾಲ್ಕೈದು ತಿಂಗಳುಗಳೇ ಬೇಕಾದವು. ಗರ್ಭ ತೆಗೆದುಕೊಳ್ಳುವ ಕಾಲವೂ ಹೆಚ್ಚುಕಡಿಮೆ ಅಷ್ಟೇ.

ಈ ಎಲ್ಲ ಚರಿತ್ರೆಯಲ್ಲಿ ಹೆಸರಿಲ್ಲದೆ ಉಳಿದವರು ಕೂದಲನ್ನು ದಿನವೂ ಮುಟ್ಟುವವರು. ದಕ್ಷಿಣದ ಕ್ಷೌರಿಕ ಸಮುದಾಯಗಳು ಕತ್ತಿಯ ಕಾಯಕದ ಜೊತೆಗೆ ಗಾಯಕ್ಕೆ ಮದ್ದು ಕಟ್ಟುವುದನ್ನೂ ಮಂಗಳವಾದ್ಯವನ್ನೂ ಉಳಿಸಿಕೊಂಡು ಬಂದವು. ತಮಿಳು ಸೀಮೆಯ ಈ ಸಮುದಾಯದ ಹೆಂಗಸರು ಸೂಲಗಿತ್ತಿಯರಾಗಿದ್ದುದನ್ನು ಎಡ್ಗರ್ ಥರ್ಸ್ಟನ್ 1909ರ ತಮ್ಮ ಸಂಪುಟಗಳಲ್ಲಿ ದಾಖಲಿಸಿದ್ದಾರೆ. ಒಂದೇ ಮನೆಯ ಹೆಂಗಸು ಮಗುವನ್ನು ಕೂದಲ ಸಮೇತ ಲೋಕಕ್ಕೆ ಬರಮಾಡಿಕೊಳ್ಳುತ್ತಿದ್ದಳು, ಗಂಡಸು ಆ ಕೂದಲನ್ನು ತೆಗೆಯುತ್ತಿದ್ದ. ಮಗುವಿನ ನೆತ್ತಿಯ ಮೆತುಭಾಗ, ಹಣೆಯಂಚು, ಸುಳಿಯ ತಿರುವು, ಎಲ್ಲಿ ಕೂದಲು ಯಾವ ಕಡೆಗೆ ವಾಲಿದೆ, ಕತ್ತಿಯನ್ನು ಎತ್ತಲಿಂದ ಎತ್ತ ಎಳೆಯಬೇಕು ಎಂಬುದು ಅವರ ಕೈಗೆ ಗೊತ್ತಿತ್ತು. ನಂಜನಗೂಡಿನ ಹೊಳೆದಡದಲ್ಲಿ ಮುಡಿ ತೆಗೆಯುವವರ ಈ ತಿಳಿವಳಿಕೆ, ಮುಡುಕುತೊರೆಯ ಜಾತ್ರೆಯಲ್ಲಿ ದನ ನೋಡುವ ಹಿರಿಯರ ಸುಳಿಯ ಹೆಸರುಗಳು, ಅವು ಮೈಯ ಯಾವ ಸ್ಥಾನಕ್ಕೆ ಸಲ್ಲುತ್ತವೆಂಬ ವಿವರ, ಇವು ಶುಭಾಶುಭದ ಪಟ್ಟಿಯಾಗಿ ಅಲ್ಲದೆ ಮೈಯ ವೀಕ್ಷಣೆಗಳಾಗಿ ಸಂಗ್ರಹವಾಗಬೇಕಾಗಿದೆ. ಟ್ರ್ಯಾಕ್ಟರುಗಳು ಬಂದ ಮೇಲೆ ಉಳುವ ಎತ್ತುಗಳ ಸಂಖ್ಯೆ ಇಳಿದಿದೆ. ಸುಳಿ ನೋಡಬಲ್ಲ ಕೈಗಳೂ ಅವುಗಳೊಡನೆ ಕಡಿಮೆಯಾಗುತ್ತಿವೆ.